ಏಲಕ್ಕಿ ಸೇಠನ ಮೆಟ್ಟಿಲು

ರೇಡಿಯೊ ಸ್ಟುಡಿಯೊದ ಕೆಂಪು ದೀಪ ಹೊತ್ತಿಕೊಳ್ಳಲು ಇನ್ನು ಅರ್ಧ ನಿಮಿಷವಿರುವಾಗ ಪರಪ್ಪನ ಕೈ ಹಳೆಯ ಚಪ್ಪಲಿಯ ಮೇಲೆ ಬಂದು ನಿಂತುಬಿಟ್ಟಿತು.

ಮಂಡಿಯೂರಿ ಕೂತಿದ್ದ ಅವನ ಎದುರಿಗೆ ಸೇಠಾಣಿಯ ಚಪ್ಪಲಿ, ಇನ್ಸ್‌ಪೆಕ್ಟರನ ಷೂ, ಸೇಠನ ತಮ್ಮನ ಮಗನ ಬೂಟು, ಕೊನೆಯಲ್ಲಿ ಈ ಹಳೆಯ ಜೋಡು ಸಾಲಾಗಿದ್ದವು. ಪಕ್ಕದಲ್ಲಿ ಒಂದು ಮರದ ಹಲಗೆ, ಒಂದು ಅಮೃತಶಿಲೆಯ ಚಪ್ಪಡಿ. ರೇಡಿಯೊ ನಾಟಕದಲ್ಲಿ ಮಾತಾಡುವವರು ಮೈಕಿನ ಮುಂದಿನಿಂದ ಅಲುಗುವಂತಿಲ್ಲ. ಅವರು ನಡೆಯುವುದು, ಓಡುವುದು, ಮುಗ್ಗರಿಸುವುದು ಎಲ್ಲ ಪರಪ್ಪನ ಕೈಯಲ್ಲಿ. ಧಾರಾವಿಯಲ್ಲಿ ಚಪ್ಪಲಿ ಹೊಲಿದು ಬದುಕುವ ಈ ಮೋಚಿ ಮೂರು ವರ್ಷದಿಂದ ತಿಂಗಳಿಗೊಂದು ರವಿವಾರ ಇಲ್ಲಿಗೆ ಬಂದು, ಕೈಗೆ ಚಪ್ಪಲಿ ತೊಟ್ಟು, ಮುಂಬಯಿಯ ಕನ್ನಡಿಗರ ಕಿವಿಯಲ್ಲಿ ರಾಜರನ್ನೂ ಕಳ್ಳರನ್ನೂ ನಡೆಸುತ್ತಿದ್ದ. ನಾಟಕದ ಕೊನೆಗೆ ಎಲ್ಲರ ಹೆಸರನ್ನೂ ಓದುತ್ತಿದ್ದರು. ಅವನದನ್ನು ಬಿಟ್ಟು.

ಇವತ್ತಿನದು 'ಏಲಕ್ಕಿ ಸೇಠನ ಕೊಲೆ', ನೇರ ಪ್ರಸಾರ. ಕೊಲೆ, ಪತ್ತೆ, ನಗು ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಬರೆದವರು, ಆಡಿಸುವವರು, ಸೇಠನ ತಮ್ಮನ ಮಗ ಬಾಬುರಾಯನ ಪಾತ್ರ ಮಾಡುವವರು ಮೂವರೂ ಒಬ್ಬರೇ: ಧಾರವಾಡದ ನೀಲಕಂಠಪ್ಪ ಮಾಸ್ತರರು. ಅವರದೊಂದು ಪದ್ಧತಿಯಿತ್ತು. ಕೊಲೆಗಾರನ ಹೆಸರಿರುವ ಕೊನೆಯ ಹಾಳೆಯನ್ನು ನಾಟಕ ಶುರುವಾಗುವ ತನಕ ಯಾವ ನಟನ ಕೈಗೂ ಕೊಡುತ್ತಿರಲಿಲ್ಲ. ಆಮೇಲೂ ಅದರ ಒಂದೇ ಪ್ರತಿ, ಅದನ್ನು ಓದಬೇಕಾದವನಿಗೆ ಮಾತ್ರ. ನಟರಲ್ಲಿ ಅರ್ಧ ಜನ ಉಡುಪಿ ಹೋಟೆಲಿನವರು. ಒಬ್ಬನ ಕಿವಿಗೆ ಬಿದ್ದರೆ ಸಂಜೆಯೊಳಗೆ ಚರ್ಚ್‌ಗೇಟಿನಿಂದ ವಿರಾರದವರೆಗೆ ಪ್ರತಿ ಮೇಜಿಗೂ ಕಾಫಿಯ ಜೊತೆ ಕೊಲೆಗಾರನೂ ಸಪ್ಲೈ ಆಗಿಬಿಡುತ್ತಾನೆಂದು ಅವರಿಗೆ ಭಯ.

ಆದರೆ ಸದ್ದಿನವನಿಗೆ ಸದ್ದಿನ ಪಟ್ಟಿ ಮೊದಲೇ ಕೊಡಬೇಕಲ್ಲ. ಓದುಬರಹವನ್ನು ತಾನಿರುವ ಚಾಳಿನ ಸಾಲುಮನೆಗಳ ರಾತ್ರಿ ಶಾಲೆಯಲ್ಲಿ ಕಲಿತಿದ್ದ ಪರಪ್ಪ ವಾರದ ಹಿಂದೆಯೇ ಅದನ್ನು ಓದಿದ್ದ. ಮೊದಲ ಸಾಲು: 'ಮೋಚಿ ಸಿದ್ಯಾ ಸೇಠನ ಮೆಟ್ಟಿಲು ಹತ್ತುವುದು. ಅಮೃತಶಿಲೆ, ಹಳೇ ಚಪ್ಪಲಿ.' ಕೊನೆಯ ಸಾಲು: 'ಕೊಲೆಗಾರ ಸಿದ್ಯಾ ಓಡುವುದು. ಅದೇ ಚಪ್ಪಲಿ.' ಇಡೀ ನಾಟಕದಲ್ಲಿ ಸಿದ್ಯಾನಿಗೆ ಒಂದು ಮಾತೂ ಇರಲಿಲ್ಲ. ಕೊಲ್ಲುವುದಕ್ಕಷ್ಟೇ ಅವನು ಬೇಕಾಗಿದ್ದ.

ಪರಪ್ಪ ಮಾಸ್ತರರ ಮನೆಯಿದ್ದ ಮಾತುಂಗಾದ ಬಿಲ್ಡಿಂಗಿಗೆ ಹೋಗಿ, ಅವರ ಬಾಗಿಲ ಹೊರಗೆ ನಿಂತು ಕೇಳಿಕೊಂಡಿದ್ದ.

"ಸಾಹೇಬ್ರ, ಹ್ವಾದ ತಿಂಗಳ ಮಾಹೀಮದಾಗ ಒಂದ ಅಂಗಡಿ ಒಡದ್ರು. ಪೊಲೀಸ್ರು ಯಾರನೂ ಕೇಳ್ಲಿಲ್ಲ, ನೆಟ್ಟಗ ನಮ್ಮ ಚಾಳಿಗಿ ಬಂದ್ರು. ನನ್ನ ಹೇಣ್ತಿ ತಮ್ಮ ಗದಿಗೆಪ್ಪನ್ನ ಎರಡ ದಿನ ಠಾಣೇದಾಗ ಕೂಡಿಸಿ ಹೊಡದ್ರು. ಆಮ್ಯಾಲ ನೋಡಿದ್ರ ಕಳ್ಳ ಅಂಗಡಿ ಮಾಲಕನ ಭಾವ! ಈಗ ರೇಡಿಯೋದಾಗೂ ನಮ್ಮವನೇ ಕೊಲಿ ಮಾಡ್ಬೇಕೇನ್ರಿ?"

"ಇದು ನಗೀ ನಾಟಕ ಐತಪಾ. ಯಾರ ಮನಸ್ಸಿಗಿ ಹಚ್ಕೋತಾರ?" ಮಾಸ್ತರರು ಒಳಗಿನ ಕುರ್ಚಿಯಿಂದಲೇ ಅಂದಿದ್ದರು. "ನಿನ್ನ ಕೈಲೆ ಆಗೂದಿಲ್ಲ ಅಂದ್ರ ಹೇಳಿಬಿಡು. ಬ್ಯಾರೆ ಸದ್ದಿನವನ್ನ ತರಸ್ತೀನಿ."

ಪರಪ್ಪ 'ಆಗತೈತ್ರಿ' ಎಂದಿದ್ದ. ಒಂದು ಮೆಟ್ಟಿಲ ಕೆಳಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದಿದ್ದ.

ಈಗ ಧಾರಾವಿಯ ಚಹಾದಂಗಡಿಯ ರೇಡಿಯೊ ಮುಂದೆ ಅವನ ಹೆಂಡತಿ ಮಲ್ಲವ್ವ, ಗದಿಗೆಪ್ಪ, ಇಡೀ ಚಾಳು ನೆರೆದಿರಬೇಕು. ಮಲ್ಲವ್ವನೇ ಮನೆಮನೆಗೆ ಹೋಗಿ ಕರೆದು ಬಂದಿದ್ದಳು. ಅವಳಿಗೆ ಅವನು ಏನೂ ಹೇಳಿರಲಿಲ್ಲ. ಇನ್ನು ಅರ್ಧ ಗಂಟೆಗೆ ಆ ಪೆಟ್ಟಿಗೆ ಅಷ್ಟು ಜನರ ನಡುವೆ 'ಕೊಲೆಗಾರ ಮೋಚಿ' ಎಂದು ಕೂಗುತ್ತದೆ. ಹಿಂದೆಯೇ ಓಡುವ ಕಾಲು ತನ್ನ ಕೈಗಳು.

ದೀಪ ಹೊತ್ತಿತು. ಪರಪ್ಪ ಹಳೆಯ ಚಪ್ಪಲಿ ಮುಟ್ಟಲಿಲ್ಲ. ಚಪ್ಪಲಿ ಹಾಕಿಕೊಂಡ ಮೋಚಿ ಸೇಠನ ಮನೆಯ ಮೆಟ್ಟಿಲು ಹತ್ತುವುದನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಕಾಣದ ನಡಿಗೆ ಕೈಗೆ ಬರಲಿಲ್ಲ. ಬೂಟು ಎತ್ತಿಕೊಂಡ. ಎಡ ಹಿಮ್ಮಡಿಯ ಕಬ್ಬಿಣ ಸ್ವಲ್ಪ ಸಡಿಲವಾಗಿದ್ದ ಬೂಟು.

ಟಕ್-ಕಿರ್ರ್. ಟಕ್-ಕಿರ್ರ್. ಟಕ್-ಕಿರ್ರ್. ಅಮೃತಶಿಲೆಯ ಮೇಲೆ ಹದಿನಾರು ಮೆಟ್ಟಿಲು.

ಮಾಸ್ತರರ ಕಣ್ಣು ಅಗಲವಾಯಿತು. ಹಲ್ಲು ಕಡಿದು ಚಪ್ಪಲಿಯ ಕಡೆ ಬೆರಳು ತೋರಿಸಿದರು. ಅಷ್ಟರಲ್ಲಿ ಸೇಠ ಸತ್ತಾಗಿತ್ತು.

ಅಲ್ಲಿಂದ ನಾಟಕ ಓಡಿತು. ಸೇಠಾಣಿಯ ಪಾತ್ರದ ವಿನೋದಿನಿ ಚಿಟ್ಟನೆ ಚೀರಿ, ಆಮೇಲೆ ಸತ್ತ ಗಂಡನಿಗಿಂತ ಚೆಲ್ಲಿಹೋದ ಏಲಕ್ಕಿಗೆ ಹೆಚ್ಚು ಅತ್ತಳು. ಇನ್ಸ್‌ಪೆಕ್ಟರ್ ಬಂದ. ಅವನು ಫೋರ್ಟ್ ಬಡಾವಣೆಯ ಹೋಟೆಲಿನಲ್ಲಿ ಸಪ್ಲಾಯರನಾಗಿದ್ದ ಚೆನ್ನಯ. ಡ್ಯೂಟಿ ಮುಗಿಸಿ ಓಡಿ ಬಂದವನು ದೀಪ ಹೊತ್ತುವ ತನಕ ಎಲೆಯಲ್ಲಿ ಕಟ್ಟಿದ್ದ ಶೀರಾ ತಿನ್ನುತ್ತಿದ್ದ. ತುಪ್ಪ ಸಕ್ಕರೆಯ ಬೆರಳಿನಲ್ಲೇ ಹಾಳೆಗಳನ್ನು ಹಿಡಿದಿದ್ದ. ಹಾಳೆ ಮಗುಚಿದರೆ ಮೈಕಿಗೆ ಸರಸರ ಕೇಳುತ್ತದೆಂದು ಓದಿ ಮುಗಿದದ್ದನ್ನು ಮೆಲ್ಲಗೆ ನೆಲಕ್ಕೆ ಬಿಡುವುದು ಅಲ್ಲಿನ ಕ್ರಮ. ಜಮಖಾನೆಯ ಮೇಲೆ ಹಾಳೆಗಳು ಬೀಳುತ್ತಿದ್ದವು. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರಿಂದ ಎಲ್ಲರ ಬೆನ್ನೂ ಒದ್ದೆ. ಬಾಬುರಾಯ ಒಳಗೆ ಬಂದಾಗ ಪರಪ್ಪ ಅದೇ ಬೂಟಿನಲ್ಲಿ ಅವನನ್ನು ನಡೆಸಿಕೊಂಡು ಬಂದ. ಟಕ್-ಕಿರ್ರ್. ಇದ್ದದ್ದು ಅದೊಂದೇ ಬೂಟು.

ಇಪ್ಪತ್ತೈದನೆಯ ನಿಮಿಷಕ್ಕೆ ಚೆನ್ನಯ ದನಿ ಏರಿಸಿದ.

"ಯಾರೂ ಕದಲಬೇಡಿ! ಕೊಲೆಗಾರ ಯಾರೆಂದು ನನಗೆ ಗೊತ್ತಾಗಿದೆ. ಅವನ ಹೆಸರು..."

ಹಾಳೆ ಬಿಟ್ಟ. ಕೈ ನೋಡಿಕೊಂಡ. ಕೈ ಖಾಲಿಯಿತ್ತು.

ಶೀರಾದ ಜಿಗುಟಿಗೆ ಒಂದಕ್ಕೊಂದು ಅಂಟಿಕೊಂಡ ಎರಡು ಹಾಳೆ ಒಟ್ಟಿಗೇ ಬಿದ್ದು, ಬಿದ್ದಮೇಲೆ ಬೇರೆಯಾಗಿ, ಕೊನೆಯದು ಜಾರಿ ಪರಪ್ಪನ ಹಲಗೆಯ ಬಳಿ ಮೇಲ್ಮುಖವಾಗಿ ಬಂದು ನಿಂತಿತ್ತು. 'ಮೋಚಿ ಸಿದ್ಯಾ!' ಎಂಬುದು ಅಲ್ಲಿಂದಲೇ ಕಾಣುತ್ತಿತ್ತು.

"ಅವನ ಹೆಸರು..." ಚೆನ್ನಯ ಅಂಗೈ ಮಗುಚಿ ನೋಡಿಕೊಂಡ. "ಹೆಸರು ಉಂಟಲ್ಲ... ಆ ಹೆಸರು..."

"ಹೇಳಿ ಸಾಹೇಬರೇ, ಬೇಗ ಹೇಳಿ!" ಎಂದಳು ವಿನೋದಿನಿ. ಸಹಾಯ ಮಾಡುತ್ತಿದ್ದೇನೆಂದೇ ಅವಳು ತಿಳಿದಿದ್ದಳು.

ಮಾಸ್ತರರು ಬಾಯಿ ತೆರೆಯುವಂತಿರಲಿಲ್ಲ. ಇನ್ಸ್‌ಪೆಕ್ಟರನ ಬದಲು ಬಾಬುರಾಯ ಕೊಲೆಗಾರನ ಹೆಸರು ಹೇಳಿದರೆ ನಾಟಕ ಕೆಟ್ಟಂತೆ. ಗಾಳಿಯಲ್ಲಿ ದಬ್ಬಳ ಹಿಡಿದು ಚಪ್ಪಲಿ ಹೊಲಿದು ತೋರಿಸಿದರು. ಚೆನ್ನಯ ಕಣ್ಣು ಬಿಟ್ಟು ನೋಡಿದ. ನಾಟಕದಲ್ಲಿ ದರ್ಜಿ ಯಾರೂ ಇರಲಿಲ್ಲವಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಗಾಜಿನ ಆಚೆ ಕನ್ನಡ ಬಾರದ ಮರಾಠಿ ಇಂಜಿನಿಯರ್ ನಾಲ್ಕು ಬೆರಳೆತ್ತಿದ. ಇನ್ನೂ ನಾಲ್ಕು ನಿಮಿಷ.

ಪರಪ್ಪ ಕೈ ಚಾಚಿದ್ದರೆ ಹಾಳೆ ಸಿಗುತ್ತಿತ್ತು. ಅವನು ಅದರ ಮೇಲೆ ಮಂಡಿಯೂರಿದ. ಆಮೇಲೆ ಮೈಕಿನತ್ತ ಕತ್ತು ಚಾಚಿದ.

"ಸಾಹೇಬ್ರ, ನಾ ಮೋಚಿ ಸಿದ್ಯಾ ಅದೀನ್ರಿ. ಒಂದ ಮಾತ ಹೇಳ್ಲ್ಯಾ?"

ಮಾಸ್ತರರು ಎರಡೂ ಕೈ ಬೀಸಿದರು. ಮುಳುಗುವವನಿಗೆ ಕೈ ಸಿಕ್ಕಂತೆ ಚೆನ್ನಯ, "ಹೇಳು! ಏನಿದ್ದರೂ ಹೇಳು!" ಎಂದ.

"ಕೊಲಿ ಆದಾಗ ಮೆಟ್ಟಲಾ ಹತ್ತಿದ ಸದ್ದ ನೀವೂ ಕೇಳೀರಿ, ಕೂತ ಮಂದಿನೂ ಕೇಳ್ಯಾರ. ಅದು ಚಪ್ಪಲಿ ಸದ್ದಲ್ರೀ, ಬೂಟಿಂದು. ಎಡಗಾಲ ಹಿಮ್ಮಡದ ಕಬ್ಬಣ ಸಡ್ಲ ಐತಿ. ನಾನ ಹೊಡದ ಮೊಳಿ, ನನಗ ಗೊತ್ತಾಗೂದಿಲ್ಲೇನ್ರಿ?"

"ಆ ಬೂಟು ಹಾಕಿಕೊಂಡು ನೀನೇ ಹತ್ತಿರಬಹುದಲ್ಲ?" ಎಂದ ಚೆನ್ನಯ.

"ನಾ ಈ ಮನಿಗಿ ಬಂದೀನ್ರಿ. ಬಂದಾಗ ಹೊಸ್ತಿಲ ಹೊರಗ ನಿಂತ ಮಾತಾಡೀನಿ. ಚಪ್ಪಲಿ ಒಂದ ಮೆಟ್ಟಲಾ ಕೆಳಗ ಬಿಟ್ಟೀನಿ. ಹೊಸ್ತಿಲಾನ ದಾಟಿಸದವ್ರು ನನ್ನ ಮಲಗೂ ಖೋಲಿತನಕ ಕೊಲಿ ಮಾಡಾಕ ಬಿಟ್ಟಾರೇನ್ರಿ?"

ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ಬೀಸುವುದನ್ನು ಮರೆತಿತು.

"ಹೌದಲ್ಲ ಮಾರಾಯ!" ಚೆನ್ನಯ ಇನ್ಸ್‌ಪೆಕ್ಟರನ ಭಾಷೆ ಮರೆತು ಕೂಗಿದ. "ಬಾಬುರಾಯರೇ, ಈ ಕೋಣೆಯಲ್ಲಿ ಸ್ವಲ್ಪ ನಡೆದು ತೋರಿಸಿ!"

"ನಾನು... ನಾನು ನಡೆಯುವುದಿಲ್ಲ!" ಎಂದರು ಮಾಸ್ತರರು.

ಪರಪ್ಪ ನಡೆಸಿದ. ಟಕ್-ಕಿರ್ರ್. ಟಕ್-ಕಿರ್ರ್. ಮಾಸ್ತರರ ಕಾಲು ಜಮಖಾನೆಯ ಮೇಲೆ ಕೀಲಿಸಿದಂತೆ ನಿಂತಿತ್ತು. ಬಾಬುರಾಯ ಮಾತ್ರ ಮುಂಬಯಿಗೆಲ್ಲ ಕೇಳುವ ಹಾಗೆ ಠೀವಿಯಿಂದ ನಡೆದುಹೋದ.

"ಅಯ್ಯೋ ಪಾಪಿ, ನಿನ್ನದೇ ಬೂಟು!" ವಿನೋದಿನಿ ಚೀರಿದಳು. ಈ ಚೀರಾಟ ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಬಾಬುರಾಯ ಓಡಿದ. ಓಡಿದನೆಂದರೆ, ಪರಪ್ಪನ ತೋಳು ಸೋಲುವ ತನಕ ಓಡಿದ. ಹಲಗೆಯ ಮೇಲೆ, ಅಮೃತಶಿಲೆಯ ಮೇಲೆ, ಏಲಕ್ಕಿ ಡಬ್ಬಿಗಳ ಮೇಲೆ ಬಿದ್ದ. ನಿಂತಲ್ಲೇ ಬೆವರುತ್ತಿದ್ದ ಮಾಸ್ತರರಿಗೆ ಇನ್ನು ಬೇರೆ ದಾರಿ ಉಳಿದಿರಲಿಲ್ಲ. "ಹೌದು, ನಾನೇ ಕೊಂದೆ!" ಎಂದು ಒಪ್ಪಿಕೊಂಡರು. "ದೊಡ್ಡಪ್ಪ ಒಂದು ದಿನವೂ ನನ್ನ ಚಹಾಕ್ಕೆ ಏಲಕ್ಕಿ ಹಾಕಿಸಲಿಲ್ಲ!" ಗಾಜಿನ ಆಚೆ ಇಂಜಿನಿಯರ್ ಭಾಷೆ ತಿಳಿಯದೆಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ದೀಪ ಆರಿತು. ಯಾರೋ ಫ್ಯಾನು ಹಾಕಿದರು. ನೆಲದ ಹಾಳೆಗಳೆಲ್ಲ ಎದ್ದು ಹಾರಾಡಿದವು, ಪರಪ್ಪನ ಮಂಡಿಯ ಕೆಳಗಿನದೊಂದನ್ನು ಬಿಟ್ಟು.

"ಸದ್ದಿನವ ಸದ್ದ ಮಾಡ್ಬೇಕಲೇ!" ಮಾಸ್ತರರು ಅವನ ಮೇಲೇ ಬಂದರು. "ನಿನಗ ಮಾತಾಡಂತ ಯಾರ ಹೇಳಿದ್ರು? ಬೂಟ ಯಾಕ ಹಿಡದಿ? ಇನ್ನ ಮ್ಯಾಲ ನೀ ಈ ಕಡೆ..."

ಟೆಲಿಫೋನು ಹೊಡೆದುಕೊಂಡಿತು, ರೇಡಿಯೊ ಸ್ಟೇಷನ್ನಿನ ಡೈರೆಕ್ಟರರದು. ಮಾಸ್ತರರು ಎತ್ತಿದರು, ನೆಟ್ಟಗಾದರು. "ಯೆಸ್ ಸರ್... ಮನೆಯವರೂ ಕೇಳಿದರೇ ಸರ್?... ನಕ್ಕರೇ?" ಅವರ ಭುಜ ಮೆಲ್ಲಗೆ ಇಳಿಯಿತು. "ಇಲ್ಲ ಸರ್, ಅದು ಮೊದಲಿನಿಂದಲೂ ಸ್ಕ್ರಿಪ್ಟಿನಲ್ಲಿ ಹಾಗೇ ಇತ್ತು... ಮೋಚಿಯೇ? ನಮ್ಮ ಹೊಸ ಕಲಾವಿದ ಸರ್. ಹೆಸರು..." ರಿಸೀವರಿಗೆ ಅಂಗೈ ಮುಚ್ಚಿ ಪರಪ್ಪನ ಕಡೆ ತಿರುಗಿದರು. "ನಿನ್ನ ಅಡ್ಡಹೆಸರೇನೋ?"

ಮೂರು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ದೊಡಮನಿ ರೀ."

"ಪರಪ್ಪ ದೊಡಮನಿ, ಸರ್," ಎಂದರು ಮಾಸ್ತರರು.

ಮಾಸ್ತರರು ಫೋನಿಟ್ಟರು. ಚೆನ್ನಯ ತಲೆ ಕೆರೆದುಕೊಂಡ. "ಅಲ್ಲ ಮಾರಾಯ್ರೇ, ನಾನು ಬೀಳಿಸಿದ ಕಾಗದದಲ್ಲಿ ಎಂತ ಇತ್ತು?"

ಪರಪ್ಪ ಮಂಡಿ ಎತ್ತಿದ. ಬೆವರಿಗೆ ಧೋತ್ರಕ್ಕೆ ಅಂಟಿಕೊಂಡಿದ್ದ ಹಾಳೆಯನ್ನು ಬಿಡಿಸಿ ಮಾಸ್ತರರ ಕೈಗೆ ಕೊಟ್ಟ. ಅವರು ಅದನ್ನು ನೋಡದೆ ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು.

"ಮುಂದಿನ ತಿಂಗಳ ರಿಹರ್ಸಲ್ ನಾಕ ಗಂಟೇಕ," ಎಂದರು, ಗೋಡೆಗೆ ಹೇಳಿದಂತೆ.

ಪರಪ್ಪ ಮಾಹೀಮ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಇಳಿದು ಧಾರಾವಿಯ ಕಡೆ ನಡೆದ. ಚಾಳಿನ ತಿರುವಿನಲ್ಲಿ ಗದಿಗೆಪ್ಪ ಓಡಿ ಬಂದು ಜೋಡುಗಳ ಕೈಚೀಲ ಕಸಿದುಕೊಂಡ.

"ಮಾಮಾ, ಬೂಟಿನವನೇ ಕೊಲಿಗಾರ ಅಂತ ಮೊದಲನೇ ಮೆಟ್ಟಲಾಕ ಹೇಳಿದ್ನಿ ನಾ! ಅಕ್ಕನ್ನ ಕೇಳ್ರಿ ಬೇಕಾದ್ರ!"

"ಅಷ್ಟ ಲಗೂನ ಹ್ಯಾಂಗ ಗೊತ್ತಾತೋ?"

"ಎರಡ ದಿನ ಠಾಣೇದಾಗ ಬೂಟಿನ ಸದ್ದ ಬಿಟ್ಟ ಮತ್ತೇನ ಕೇಳೀನಿ?" ಎಂದ ಗದಿಗೆಪ್ಪ, ಎಂದವನೇ ನಕ್ಕ. ಠಾಣೆಯಿಂದ ಬಂದಮೇಲೆ ಅವನು ನಕ್ಕದ್ದನ್ನು ಪರಪ್ಪ ಕೇಳಿರಲಿಲ್ಲ. ಚಹಾದಂಗಡಿಯ ಕಡೆಯಿಂದ ಯಾರೋ ಟಕ್-ಕಿರ್ರ್ ಎಂದು ಬಾಯಲ್ಲಿ ಸದ್ದು ಮಾಡಿದರು, ನಗೆಯೆದ್ದಿತು.

ಖೋಲಿಯಲ್ಲಿ ಮಲ್ಲವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಹೊಗೆಗೋ ಏನೋ ಕಣ್ಣು ಕೆಂಪಾಗಿತ್ತು. ಚೀಲ ಬಿಚ್ಚಿ ಒಂದೊಂದೇ ಜೋಡು ತೆಗೆದು ಸೆರಗಿನಿಂದ ಒರೆಸತೊಡಗಿದಳು. ಬೂಟು ಕೈಗೆ ಬಂದಾಗ ಒಮ್ಮೆ ತಿರುವಿ ನೋಡಿದಳು.

"ಇವು ಹೊರಗ ಇರ್ಲಿ," ಎಂದಳು. "ಕೊಲಿ ಮಾಡಿ ಬಂದಾವ."

ಹೊಸ್ತಿಲ ಆಚೆ, ಓಣಿಗೆ ಮುಖಮಾಡಿ ಬೂಟುಗಳನ್ನು ಇಟ್ಟು ಬಂದಳು. ಹಳೆಯ ಚಪ್ಪಲಿಗಳು ಒಳಗೆ ಒಲೆಯ ಪಕ್ಕದಲ್ಲಿ, ಬೆಳಕು ಬೀಳುವ ಕಡೆ ಕೂತಿದ್ದವು.