ಹಾಜಿ ಶುಕ್ರಿ ಕಾಫಿ ಕುಡಿದದ್ದು

ವಸ್ಫಿಯ್ಯಜ್ಜಿಯ ಮನೆಯ ಮುಂಬಾಗಿಲಿಗೆ ಆ ಬೀದಿಯಲ್ಲಿ ನಮ್ಮವರು ನಡೆಯಕೂಡದೆಂದು ಸೈನ್ಯದವರು ಬೆಸುಗೆ ಹಾಕಿ ಇಪ್ಪತ್ತು ವರ್ಷದ ಮೇಲಾಯಿತು. ಅಂದಿನಿಂದ ಅವಳ ಮನೆಗೆ ಹೋಗಲು ಎರಡೇ ದಾರಿ. ಒಂದು ಚೆಕ್‌ಪೋಸ್ಟ್ ದಾಟಿ ಹಿತ್ತಲ ಓಣಿಯಿಂದ. ಅದಕ್ಕೆ ಅಲ್ಲಿಯೇ ವಾಸವಿರುವವರೆಂದು ಸೈನ್ಯದ ಪಟ್ಟಿಯಲ್ಲಿ ನಂಬರಿರಬೇಕು. ಇನ್ನೊಂದು ನನ್ನ ಅಡುಗೆಮನೆಯ ಕಿಟಕಿ. ನಮ್ಮ ಬಾಗಿಲು ಹೆಬ್ರಾನಿನ ಹಳೇ ಪೇಟೆಯ ಕಡೆಗಿದೆ, ಅಲ್ಲಿಗೆ ಯಾರು ಬೇಕಾದರೂ ಬರಬಹುದು. ಕಿಟಕಿ ಹತ್ತಿ ಆಚೆ ಇಳಿದರೆ ಅಜ್ಜಿಯ ತಾರಸಿ. ಅವಳ ಗ್ಯಾಸ್ ಸಿಲಿಂಡರು, ನೆಂಟರು, ಒಮ್ಮೆ ಒಂದು ಕುರಿ, ಎಲ್ಲವೂ ನನ್ನ ಒಲೆಯ ಪಕ್ಕದಿಂದಲೇ ಹೋಗಿವೆ. ಕುರಿ ಹೋಗುವಾಗ ನನ್ನ ಒಂದು ಕಟ್ಟು ಪುದೀನವನ್ನೂ ಮುಗಿಸಿ ಹೋಯಿತು.

ಆ ಮನೆಯಲ್ಲಿದ್ದವರು ಅಜ್ಜಿ ಮತ್ತು ಮೊಮ್ಮಗಳು ತಹಾನಿ, ಇಬ್ಬರೇ. ಶಿಶುವಿಹಾರದಲ್ಲಿ ಪಾಠ ಹೇಳುವ ತಹಾನಿಗೆ ಹಲ್ಹೂಲ್ ಊರಿನ ವದೀ ಎಂಬ ಬಡಗಿ ಹುಡುಗನ ಕಡೆಯಿಂದ ಮಾತು ಬಂತು. ಹೆಣ್ಣು ಕೇಳಲು ಏಳು ಜನ ಹಿರಿಯರು ಬರುವವರಿದ್ದರು. ಅವರಿಗೆ ಮುಖ್ಯಸ್ಥ ಹುಡುಗನ ದೊಡ್ಡಪ್ಪ ಹಾಜಿ ಶುಕ್ರಿ.

"ಪೇಟೆ ಆಚೆ ಒಂದು ಹಾಲ್ ಹಿಡಿಯೋಣ ಅಜ್ಜಿ," ಅಂದೆ ನಾನು. "ಪಾಪ, ಆ ದೊಡ್ಡ ಮನುಷ್ಯ ಕಿಟಕಿ ಹೆಂಗೆ ಹತ್ತುತ್ತಾನೆ?"

"ನನ್ನ ಮನೆ ಹುಡುಗಿ ಬೇಕಾದ್ರೆ ನನ್ನ ಮನೆಗೆ ಬಂದು ಕೇಳ್ಲಿ ಇಂತಿಸಾರ್. ಕಿಟಕಿ ಹತ್ತೋಕಾಗದವನು ಸಂಬಂಧ ಏನು ಮಾಡ್ತಾನೆ?"

ಅಜ್ಜಿಯ ಹಟದ ಹಿಂದಿನ ಸಂಗತಿ ನನಗೆ ಗೊತ್ತಿತ್ತು. ತಹಾನಿ ಗಂಡನ ಮನೆಗೆ ಹೋದರೆ ಇಲ್ಲಿ ಉಳಿಯುವವಳು ಎಪ್ಪತ್ತೆಂಟು ವರ್ಷದ ಒಬ್ಬಳು. ಅವಳು ಒಂದು ವಾರ ಆಸ್ಪತ್ರೆಯಲ್ಲಿ ಮಲಗಿದರೆ ಸಾಕು, ಖಾಲಿ ಮನೆಯೊಳಗೆ ಸೈನ್ಯದ ಕಾವಲಿನಲ್ಲಿ ಬೀದಿಯಾಚೆ ಬಂದು ನೆಲೆಸಿರುವ ವಸಾಹತಿನವರು ಬಂದು ಕೂರುತ್ತಾರೆ. ಹುಡುಗನೇ ಇಲ್ಲಿಗೆ ಬಂದು ಇರಬೇಕು ಎಂಬುದು ಅವಳ ಷರತ್ತು. ಗಂಡು ಹೆಂಡತಿಯ ಮನೆಯಲ್ಲಿರುವುದೆಂದರೆ ಹಲ್ಹೂಲಿನ ಮರ್ಯಾದೆ ಹೋದಂತೆ ಎಂಬುದು ಹಾಜಿ ಶುಕ್ರಿಯ ಮಾತೆಂದೂ ಕಿವಿಗೆ ಬಿದ್ದಿತ್ತು.

ಪಕ್ಕದ ತಾರಸಿಯ ಮೇಲೆ ಸೈನಿಕರ ಕಾವಲು ಗೂಡಿತ್ತು. ಸೂಟು ಹಾಕಿದ ಏಳು ಗಂಡಸರು ಅದರ ಕಣ್ಣು ತಪ್ಪಿಸಿ ಹೋಗುವುದು ಹೇಗೆ? ಅದಕ್ಕೂ ಅಜ್ಜಿಯೇ ಉಪಾಯ ಹೇಳಿದಳು. ಶುಕ್ರವಾರ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ತಮ್ಮ ಮನೆಯ ಹಾಸಿಗೆ ಬಟ್ಟೆಗಳನ್ನು ಒದ್ದೆ ಮಾಡಿ ತಂದು, ತಾರಸಿಯ ಈ ತುದಿಯಿಂದ ಆ ತುದಿಯವರೆಗೆ ಹಗ್ಗ ಕಟ್ಟಿ ನೇತುಹಾಕಿದೆವು. ಅರ್ಧಕ್ಕರ್ಧ ಒಗೆದವೇ ಅಲ್ಲ.

ನಮಾಜು ಮುಗಿಸಿ ಹಿರಿಯರು ಬಂದರು. ಆರು ಜನ ಸರಸರ ಕಿಟಕಿ ದಾಟಿದರು. ಹಾಜಿ ಶುಕ್ರಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡ. ನನ್ನ ಗಂಡ ನಾಯಿಫ್ ಹಿಂದಿನಿಂದ ನೂಕಿದ.

"ನಲವತ್ತು ಮದುವೆ ಕುದುರಿಸಿದ್ದೀನಿ ಕಣಮ್ಮ," ಅಂದ ಹಾಜಿ ನನ್ನ ಕಡೆ ತಿರುಗಲಾರದೆ. "ಹಿಂಗೆ ಎಲ್ಲೂ ಹೋಗಿಲ್ಲ."

"ನಮ್ಮಲ್ಲಿ ಹಿಂಗೇ ಬರೋದು ಹಾಜಿಗಳೇ. ಸ್ವಲ್ಪ ಹೊಟ್ಟೆ ಎಳ್ಕೊಳ್ಳಿ."

ಬಗ್ಗಿಕೊಂಡು, ಹೊದಿಕೆಗಳ ಮರೆಯಲ್ಲಿ, ಒಬ್ಬರ ಹಿಂದೊಬ್ಬರು ಹೊರಟರು. ಮುಕ್ಕಾಲು ದಾರಿ ಸಾಗಿತ್ತು. ಆಗ ಎಲ್ಲಿಂದಲೋ ಗಾಳಿ ಎದ್ದು ಬಟ್ಟೆಗಳನ್ನೆಲ್ಲ ಒಮ್ಮೆಲೇ ಮೇಲಕ್ಕೆತ್ತಿ ಹಿಡಿಯಿತು. ಕೆಳಗೆ ಏಳು ಜನ ಗಣ್ಯರು, ಮೊಟ್ಟೆಗೆ ಕೂತ ಕೋಳಿಗಳ ಹಾಗೆ.

"ಯಾರು ಅದು?" ಗೂಡಿನ ಸೈನಿಕ ಹರಕು ಅರಬ್ಬಿಯಲ್ಲಿ ಕೂಗಿದ.

"ನಲ್ಲಿ ರಿಪೇರಿಯವರು," ಅಂದಳು ಅಜ್ಜಿ ಮೆಟ್ಟಿಲ ಬಳಿಯಿಂದ.

"ಏಳು ಜನ?"

"ತುಂಬ ಹಳೇ ಪೈಪು."

"ಸೂಟು ಯಾಕೆ?"

"ಇವತ್ತು ಶುಕ್ರವಾರ ಅಲ್ವೇನಪ್ಪ?"

ಸೈನಿಕ ವೈರ್‌ಲೆಸ್‌ನಲ್ಲಿ ಮಾತಾಡತೊಡಗಿದ. ನಾನೂ ನಾಯಿಫ್‌ನೂ ಕಿಟಕಿ ದಾಟಿ ಹಿಂದೆಯೇ ಓಡಿದೆವು. ಅಷ್ಟರಲ್ಲಿ ಅಜ್ಜಿ ಎಲ್ಲರನ್ನೂ ಒಳಗೆ ಕರೆದು ಕೂರಿಸಿ, ಏನೂ ಆಗಿಲ್ಲದವಳಂತೆ ಕಾಫಿ ತರಿಸಿದಳು. ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಕಾಫಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಹೆಣ್ಣು ಕೊಟ್ಟೆವು ಎಂದ ಮೇಲೆಯೇ ಕುಡಿಯುವುದು. ಹುಡುಗಿಯ ಕಡೆಯ ಗಂಡಸು ಅಂತ ನಾಯಿಫ್‌ನನ್ನು ಕೂರಿಸಿದ್ದರೂ, ಸಲಾಮು ಬಿಟ್ಟು ಬೇರೆ ಮಾತಾಡಕೂಡದೆಂದು ಅಜ್ಜಿ ಅವನಿಗೆ ಮೊದಲೇ ಹೇಳಿದ್ದಳು.

"ಹುಡುಗ ಇಲ್ಲೇ ಇರ್ಬೇಕು," ಅಂದಳು ಅಜ್ಜಿ.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ತಾಯಿ."

"ಬೇರೆ ಏನೂ ಬೇಡ."

ಇಬ್ಬರೂ ಪಟ್ಟು ಬಿಡಲಿಲ್ಲ. ಅಷ್ಟರಲ್ಲಿ ಬಂದೂಕು ಹಿಡಿದ ಇಬ್ಬರು ಸೈನಿಕರು ಮೆಟ್ಟಿಲಿಳಿದು ಬಂದರು. ಗೋಡೆಯುದ್ದಕ್ಕೂ ಏಳು ಸೂಟು, ಏಳು ತುಂಬಿದ ಬಟ್ಟಲು, ಒಂದನ್ನೂ ಯಾರೂ ಮುಟ್ಟಿಲ್ಲ. ಆ ಹುಡುಗರ ಕಣ್ಣು ಬಟ್ಟಲುಗಳ ಮೇಲೆಯೇ ನಿಂತಿತು.

"ಯಾಕೆ ಕುಡಿಯಲ್ಲ? ಅದರಲ್ಲಿ ಏನು?" ಎತ್ತರದವನು ಕೇಳಿದ.

"ಕಾಫಿ," ಅಂದ ನಾಯಿಫ್. ಅಜ್ಜಿ ಅವನನ್ನು ದುರುಗುಟ್ಟಿ ನೋಡಿದಳು.

ಸೈನಿಕ ಬಂದೂಕಿನ ಮೂತಿಯಿಂದ ಹಾಜಿಯ ಬಟ್ಟಲು ತೋರಿಸಿ, "ನೀನು ಕುಡಿ. ಈಗ," ಅಂದ.

ಹಾಜಿ ಶುಕ್ರಿ ಬಟ್ಟಲಿನತ್ತ ಕೈ ಚಾಚಿ ಹಿಂದಕ್ಕೆಳೆದುಕೊಂಡ. ನಲವತ್ತು ಮದುವೆ ಮಾಡಿಸಿದವನು ಮಾತು ಮುಗಿಯದೆ ಕಾಫಿ ಕುಡಿದರೆ ಊರಲ್ಲಿ ತಲೆಯೆತ್ತುವಂತಿಲ್ಲ. ಕುಡಿಯದಿದ್ದರೆ ಎದುರಿಗೆ ಬಂದೂಕು. ಅಜ್ಜಿ ಮಾತ್ರ ಆ ಸೈನಿಕನ ಪಕ್ಕಕ್ಕೆ ಹೋಗಿ, ಅವನೂ ತನ್ನ ಕಡೆಯ ನೆಂಟನೇ ಎಂಬಂತೆ ನಿಂತಳು.

"ಅವನು ಕುಡಿಯಲ್ಲ ಮಗಾ. ಮದುವೆ ಆದ್ಮೇಲೆ ಹುಡುಗ ಈ ಮನೇಲಿರ್ತಾನೆ ಅಂತ ಒಪ್ಪಿದ್ರೆ ಮಾತ್ರ ಕುಡೀಬಹುದು. ನಾನೂ ಆಗಿಂದ ಕೇಳ್ತಾನೇ ಇದ್ದೀನಿ. ನೀನೂ ಒಂದು ಮಾತು ಹೇಳಿ ನೋಡು."

ಸೈನಿಕನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. "ಒಪ್ಪು," ಅಂದ. "ಕುಡಿ. ಬೇಗ."

"ಹಾಜಿಗಳೇ," ಅಂದಳು ಅಜ್ಜಿ, "ಈ ಸಿಪಾಯಿ ಹುಡುಗ ಪಾಪ ಬಿಸಿಲಲ್ಲಿ ನಿಂತು ಬಂದಿದ್ದಾನೆ. ಕಾಯಿಸ್ಬೇಡಿ."

ಹಾಜಿ ಶುಕ್ರಿ ಸೈನಿಕನನ್ನು ನೋಡಿದ, ಅಜ್ಜಿಯನ್ನು ನೋಡಿದ. ಇಬ್ಬರಲ್ಲಿ ಯಾರಿಗೆ ಹೆಚ್ಚು ಹೆದರಿದನೋ.

"ಆಯ್ತು. ಇಲ್ಲೇ ಇರ್ತಾನೆ."

"ಹಂಗಾದ್ರೆ ಹುಡುಗಿ ನಿಮ್ಮವಳು. ಕುಡೀರಿ."

ಏಳು ಬಟ್ಟಲೂ ಒಟ್ಟಿಗೆ ಎದ್ದವು. ನಾನು ತಡೆಯಲಾರದೆ ಬಾಯಿಗೆ ಕೈಯಿಟ್ಟು ಝಗರೂತ ಹಾಕಿದೆ, ನಮ್ಮ ಹೆಂಗಸರು ಮದುವೆಯಲ್ಲಿ ಕೂಗುತ್ತೇವಲ್ಲ, ಹಾಗೆ. ಆ ಸದ್ದಿಗೆ ಗಿಡ್ಡ ಸೈನಿಕ ಗೋಡೆಗೆ ಆತುಕೊಂಡ. ಎತ್ತರದವನಿಗೆ ಆಗ ಎಲ್ಲವೂ ತಿಳಿದಿರಬೇಕು, ಕಿವಿಯವರೆಗೂ ಕೆಂಪಾದ.

ಹಾಗೆಂದು ಬಿಟ್ಟುಬಿಡಲಿಲ್ಲ. ಪಟ್ಟಿಯಲ್ಲಿ ಇಲ್ಲದವರು ಬಂದರೆಂದು ಏಳೂ ಜನರನ್ನು ಚೆಕ್‌ಪೋಸ್ಟಿಗೆ ಕರೆದೊಯ್ದು, ಮೂರು ಗಂಟೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕಳಿಸಿದರು. ನನ್ನ ಕಿಟಕಿಗೆ ಕಬ್ಬಿಣದ ಸರಳು ಬಂತು. ಒಂದು ಸರಳು ಈಗ ಸಡಿಲವಾಗಿದೆ, ಹೇಗೆಂದು ಕೇಳಬೇಡಿ.

ಮರುವಾರ ಹಾಜಿ ಶುಕ್ರಿ ಫೋನು ಮಾಡಿ ಹೇಳಿದ: ಬಂದೂಕಿನ ಮುಂದೆ ಕೊಟ್ಟ ಮಾತು ಮಾತಲ್ಲ. ಅದಕ್ಕೆ ಅಜ್ಜಿ ಬಾಯಿ ತೆರೆಯುವ ಮೊದಲೇ ತಹಾನಿ ಫೋನು ತೆಗೆದುಕೊಂಡಳು.

"ದೊಡ್ಡಪ್ಪ, ನಿಮ್ಮ ಹುಡುಗನ್ನೇ ಕೇಳಿ. ಅವರು ಸೈನ್ಯದ ಪಟ್ಟಿಗೆ ಹೆಸರು ಬರೆಸೋಕೆ ಅರ್ಜಿ ಹಾಕಿ ನಾಲ್ಕು ತಿಂಗಳಾಯ್ತು. ನೀವು ಹೆಣ್ಣು ಕೇಳೋಕೆ ಬರೋದಕ್ಕೂ ಮುಂಚೆ."

ಹಾಜಿ ಮತ್ತೆ ಆ ಮಾತೆತ್ತಲಿಲ್ಲ. ಅಜ್ಜಿ ಮೊಮ್ಮಗಳನ್ನು ಹೊಸಬಳೆಂಬಂತೆ ನೋಡುತ್ತ ಕೂತಳು. ಆಮೇಲೆ ನನಗೆ ಹೇಳಿದಳು, "ಇಷ್ಟು ಕಳ್ಳತನ ಯಾರಿಂದ ಕಲಿತಳೋ." ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

ವದೀಗೆ ನಂಬರು ಸಿಗಲು ಇನ್ನೂ ಏಳು ತಿಂಗಳು ಹಿಡಿಯಿತು. ಮದುವೆಯ ಮರುದಿನ ಅವನು, ಹತಾರಗಳನ್ನು ಒಳಗೆ ಬಿಡದ ಚೆಕ್‌ಪೋಸ್ಟಿನಲ್ಲಿ ತನ್ನ ಉಳಿ, ಸುತ್ತಿಗೆಗಳನ್ನೆಲ್ಲ ಬಿಟ್ಟು, ಬರಿಗೈಯಲ್ಲಿ ನಡೆದು ಬಂದ. ಈಗ ಒಂದು ಕುರ್ಚಿಗೆ ಮೊಳೆ ಹೊಡೆಯಲು ಅವನು ಪೇಟೆಗೆ ಹೋಗಬೇಕು. ಬೇಸರವಿಲ್ಲವೇ ಎಂದು ಕೇಳಿದರೆ ನಗುತ್ತಾನೆ. ಸಂಜೆ ಅವನೂ ತಹಾನಿಯೂ ತಾರಸಿಯಲ್ಲಿ ಕೂತು ಕಲ್ಲಂಗಡಿ ಬೀಜ ಸುಲಿಯುತ್ತಾರೆ. ಅಜ್ಜಿ ಒಳಗಿನಿಂದ ಇಬ್ಬರನ್ನೂ ಬೈಯುತ್ತಿರುತ್ತಾಳೆ.