ಎಲೆ ಹಾಕಿಕೊಳ್ಳುವ ಹೊತ್ತು

ಕಲ್ಯಾಣದುರ್ಗದ ಹುಣಸೆಹಣ್ಣಿನ ಶೆಡ್ಡಿನಲ್ಲಿ ಜಯಚಂದ್ರನಿಗೆ ಬೀಳುತ್ತಿದ್ದಷ್ಟು ನಮಸ್ಕಾರ ಯಾವ ಮಠದ ಸ್ವಾಮಿಗೂ ಬೀಳುತ್ತಿರಲಿಲ್ಲ. ಎಲ್ಲವೂ ಫೋನಿನಲ್ಲಿ. ಅವನು ದಿನಾ ಬೆಳಿಗ್ಗೆ ವಾಟ್ಸಾಪ್ ಗ್ರೂಪಿಗೆ ಅಂದಿನ ಕೆಲಸ ಬರೆದು ಹಾಕುತ್ತಿದ್ದ. ಶೆಡ್ಡಿನ ಕೆಲಸದ ಹೆಂಗಸರೆಲ್ಲ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಮೂಟೆಗಳನ್ನು ಗೋಡೆಗೆ ಒರಗಿಸಬೇಡಿ ಎಂದು ಬರೆದ, ಕೈ ಮುಗಿದರು. ತೊಂದರೆ ಇದ್ದರೆ ತಿಳಿಸಿ ಎಂದು ಬರೆದ, ಅದಕ್ಕೂ ಕೈ ಮುಗಿದರು. ಖುದ್ದಾಗಿ ಒಳಗೆ ಕಾಲಿಟ್ಟರೆ ಮಾತ್ರ ಅದುವರೆಗಿನ ನಗು ಥಟ್ಟನೆ ನಿಂತು, ಹಣ್ಣು ಕುಟ್ಟುವ ಸದ್ದಷ್ಟೇ ಉಳಿಯುತ್ತಿತ್ತು.

ಹಿಂದೂಪುರದ ಕಂಪನಿ ಅವನನ್ನು ಇಲ್ಲಿಗೆ ಮ್ಯಾನೇಜರ್ ಮಾಡಿ ಕಳಿಸಿದ್ದು ಬೇಸಿಗೆಯಲ್ಲಿ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಕೆಳಗೆ ಮೆಸ್. ಮೆಸ್ಸಿನವನು ಏನು ಬೇಕೆಂದು ಕೇಳುವುದನ್ನೂ ಬಿಟ್ಟು, ಮುಖ ಕಂಡೊಡನೆ ಮುದ್ದೆ ಇಡುತ್ತಿದ್ದ. ಕೆಲವು ಸಂಜೆ ಜಯಚಂದ್ರ ಕೋಣೆಯ ಬಾಗಿಲು ಹಾಕಿ ತನ್ನ ಹೆಸರನ್ನು ತಾನೇ ಜೋರಾಗಿ ಹೇಳಿಕೊಳ್ಳುತ್ತಿದ್ದ. ಗಂಟಲು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಿತ್ತು.

ಮಳೆ ಬಿದ್ದ ಮರುವಾರ ಹಿಂದೂಪುರದಿಂದ ಮಾಲೀಕ ಲಕ್ಷ್ಮೀಕಾಂತ್ ಫೋನ್ ಮಾಡಿದ.

"ನೀನು ಕಳಿಸಿದ ಲೋಡು ವಾಪಸ್ ಬಂತು ಕಣಪ್ಪ. ಮೂಟೆ ಬಿಚ್ಚಿದ್ರೆ ಬೂಷ್ಟು. ಎಲ್ಲಿ ನೆಂದ್ವು, ಹೆಂಗೆ ನೆಂದ್ವು, ನಾಳೆ ಮಧ್ಯಾಹ್ನದೊಳಗೆ ಹೇಳು. ಇಲ್ಲಾಂದ್ರೆ ಆ ಶೆಡ್ ಮುಚ್ಚಿ ಕೆಲಸ ಎಲ್ಲಾ ಇಲ್ಲಿಗೇ ತಂದ್ಬುಡ್ತೀನಿ. ಹೆದರಬ್ಯಾಡ, ನಿಂಗೆ ಇಲ್ಲೇ ಒಂದು ಕುರ್ಚಿ ಹಾಕಿಸ್ತೀನಿ."

ಹೆಂಗಸರಿಗೆ ಎಲ್ಲಿ ಕುರ್ಚಿ ಹಾಕಿಸುತ್ತಾನೆಂದು ಜಯಚಂದ್ರ ಕೇಳಲಿಲ್ಲ. ಮೂಟೆ ನೆಂದಿದ್ದು ಯಾರಿಗಾದರೂ ಗೊತ್ತೇ ಎಂದು ಗ್ರೂಪಿಗೆ ಬರೆದ. ಸಾಲಾಗಿ ಕೈಗಳು ಬಂದವು.

ಸಂಜೆ ಲಾರಿಗೆ ಮೂಟೆ ಹೊರುವ ಓಬಣ್ಣನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಯಾಕೋ ಇವ್ರು ನನ್ನ ಹತ್ರ ಮಾತೇ ಆಡಲ್ಲ ಓಬಣ್ಣ" ಅಂದ.

"ಎಂಗ್ ಆಡ್ತಾರೆ ಸಾರ್? ಬಂದ ದಿನವೇ ಪಾಪಕ್ಕನ ಎಲೆ ಬ್ಯಾಡ ಅಂದ್ಬುಟ್ರಲ್ಲ."

ಜಯಚಂದ್ರನಿಗೆ ನೆನಪಾಯಿತು. ಹೊಂಗೆ ಮರದ ಕೆಳಗೆ ಹಿರಿಯ ಹೆಂಗಸೊಬ್ಬಳು ಸುಣ್ಣ ಹಚ್ಚಿದ ಎಲೆಯನ್ನು ಅವನತ್ತ ಚಾಚಿದ್ದಳು. ಅವನು ಕೈ ಅಡ್ಡ ಹಿಡಿದಿದ್ದ. ಅವತ್ತೇ ಗ್ರೂಪು ಮಾಡಿ, ಕೆಲಸದ ಜಾಗದಲ್ಲಿ ಎಲೆ ಅಡಿಕೆ ನಿಷೇಧ ಎಂದು ಮೊದಲ ಮೆಸೇಜು ಹಾಕಿದ್ದ.

"ಹುಣಸೆಹಣ್ಣು ತಿನ್ನೋ ಪದಾರ್ಥ ಓಬಣ್ಣ, ಒಳಗೆಲ್ಲಾ ಉಗಿದ್ರೆ?"

"ಒಳಗೆ ಯಾರು ಉಗುದ್ರು? ಮರದ ಕೆಳಗೆ ಎಲೆ ಹಾಕ್ಕಂಡು, ಬಾಯಿ ತೊಳ್ಕಂಡೇ ಒಳಕ್ ಹೋಗ್ತಿದ್ದಿದ್ದು. ನಿಮ್ಗಿಂತ ಮುಂಚೆ ಇದ್ದ ಕೇಶವಯ್ಯನೋರೂ ಜೊತೇಲಿ ಕೂರ್ತಿದ್ರು. ಯಾವ ಮೂಟೆಗೆ ಇಲಿ ಬಿತ್ತು, ಯಾರ ಗಂಡ ಕುಡಿದು ಬಂದ, ಎಲ್ಲಾ ಅಲ್ಲೇ. ಎಲೆ ಬ್ಯಾಡ ಅಂದೋರಿಗೆ ಮಾತೂ ಬ್ಯಾಡ ಅಂತ್ಲೇ ಅಲ್ವಾ?"

"ಈಗ ಹೋಗಿ ಕೇಳಿದ್ರೆ ಕೊಡ್ತಾಳಾ?"

"ಒಂದ್ಸಲ ಬ್ಯಾಡ ಅಂದೋರಿಗೆ ಆಯಮ್ಮ ತಿರುಗ ಕೊಡಾಕಿಲ್ಲ. ನೀವೇ ಒಯ್ದು ಕೊಡ್ಬೇಕು."

ಮರುದಿನ ಬೆಳಿಗ್ಗೆ ಜಯಚಂದ್ರ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಟ್ಟು ಎಲೆ, ಅಡಿಕೆ, ಸುಣ್ಣ ಕೊಂಡು ಹೊಂಗೆ ಮರದ ಕೆಳಗೆ ಚೀಲ ಹಾಸಿ ಕೂತ. ಬಂದ ಹೆಂಗಸರು ದೂರದಲ್ಲೇ ನಿಂತರು. ಪಾಪಕ್ಕ ಎಲೆಯ ಕಟ್ಟನ್ನೂ ಅವನನ್ನೂ ನೋಡಿದಳು.

"ಏಮಿ ಸಾರ್, ಮದುವೆ ಗೊತ್ತಾಯ್ತಾ? ಎಲೆ ಇಟ್ಟು ಕರೆಯಾಕೆ ಕೂತಿದ್ದೀರಾ?"

"ಹೆಣ್ಣು ಯಾವೂರ್ದು, ಗೋರಂಟ್ಲದ್ದಾ, ಪರಿಗಿದ್ದಾ?" ಹಿಂದಿನಿಂದ ಕರಿಬಸಮ್ಮ ಕೇಳಿದಳು. ಎಲ್ಲರೂ ನಕ್ಕರು. ಅವನಿದ್ದಾಗ ಅವರು ನಕ್ಕಿದ್ದು ಅದೇ ಮೊದಲು.

"ಮೊದಲ್ನೇ ದಿನದ್ದು ಬಾಕಿ ಇತ್ತಲ್ಲ ಪಾಪಕ್ಕ" ಎಂದು ಅವನು ಎಲೆ ಚಾಚಿದ. ಅವಳು ತುಸು ಹೊತ್ತು ಕಾಯಿಸಿ ತೆಗೆದುಕೊಂಡಳು. ತುದಿ ಮುರಿದು, ಸೆರಗಿಗೆ ಒರೆಸಿ, ಸುಣ್ಣ ಸವರಿ ಅಲ್ಲೇ ಕೂತಳು. ಉಳಿದವರೂ ಕೂತರು. ಅವನೂ ಒಂದು ಎಲೆ ಹಾಕಿಕೊಂಡ.

ಕೆರೆಯ ತೂಬು ತೆಗೆದಂತಾಯಿತು. ಇಲಿ, ಮುರಿದ ನಲ್ಲಿ, ಮೊಮ್ಮಗನ ಜ್ವರ. ಕೊನೆಗೆ ಅವನೇ ಕೇಳಿದ: "ಮೂಟೆ ಹೆಂಗೆ ನೆಂದ್ವು?"

"ಮೇಲ್ಗಡೆ ಶೀಟು ನಡುಮಧ್ಯ ತೂತಾಗೈತೆ ಸಾರ್" ಅಂದಳು ಕರಿಬಸಮ್ಮ. "ಅದಕ್ಕೇ ನಾವು ಗೋಡೆಗೆ ಒರಗಿಸ್ತಿದ್ದಿದ್ದು. ಒರಗಿಸ್ಬೇಡಿ ಅಂತ ನೀವು ಹಾಕುದ್ರಿ. ನಡುವಿಗೆ ಎಳೆದ್ವಿ."

ಅವನ ಬಾಯಲ್ಲಿ ಎಲೆ ಖಾರವಾಯಿತು. "ಹೇಳಬಾರದಾಗಿತ್ತಾ?"

"ಯಾವಾಗ ಹೇಳಾದು?" ಎಂದಳು ಪಾಪಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, "ಸಿಟ್ಟೂ ಇತ್ತು ಬುಡು ಸಾರ್. ಸುಳ್ಳು ಯಾಕೆ?"

ಆಗಲೇ ಚೀಲಗಳೊಳಗಿನ ಫೋನುಗಳೆಲ್ಲ ಒಟ್ಟಿಗೆ ಕಿಣಿಗುಟ್ಟಿದವು. ಜಯಚಂದ್ರ ತನ್ನದನ್ನು ತೆಗೆದು ನೋಡಿದ. ಲಕ್ಷ್ಮೀಕಾಂತ್ ಮಧ್ಯಾಹ್ನದವರೆಗೆ ಕಾದಿರಲಿಲ್ಲ. ನೇರವಾಗಿ ಗ್ರೂಪಿಗೇ ಹಾಕಿದ್ದ: ಕಲ್ಯಾಣದುರ್ಗ ಶೆಡ್ ತಿಂಗಳ ಕೊನೆಗೆ ಬಂದ್. ಎಲ್ಲರಿಗೂ ಧನ್ಯವಾದ.

ಕರಿಬಸಮ್ಮನ ಕೈ ಚೀಲಕ್ಕೆ ಹೋಯಿತು.

"ತೆಗೀಬೇಡಮ್ಮ" ಅಂದ ಜಯಚಂದ್ರ. ಎಲೆಯನ್ನು ದವಡೆಗೆ ಒತ್ತರಿಸಿ, ಅವರ ಮುಖ ನೋಡುತ್ತ, ಅದನ್ನು ಬಾಯಲ್ಲೇ ಹೇಳಿದ. ಯಾರೂ ಅಳಲಿಲ್ಲ. ಒಬ್ಬಳು ಎದ್ದು ಸೀರೆಗಂಟಿದ ಧೂಳು ಕೊಡವಿದಳು, ಮತ್ತೆ ಕೂತಳು.

ಅಲ್ಲೇ ಲಕ್ಷ್ಮೀಕಾಂತ್‌ಗೆ ಫೋನ್ ಮಾಡಿದ. ಕಟ್ಟಾಯಿತು. ಉತ್ತರ ಅಕ್ಷರದಲ್ಲಿ ಬಂತು: ಮೀಟಿಂಗ್‌ನಲ್ಲಿದ್ದೇನೆ, ಮೆಸೇಜ್ ಹಾಕು.

ಪಾಪಕ್ಕ ಉಳಿದ ಎಲೆಗಳನ್ನು ನೀರು ಚಿಮುಕಿಸಿ ಮತ್ತೆ ಕಟ್ಟಿದಳು. "ಎದ್ದು ಹೋಗು ಸಾರ್. ಎದುರಿಗೆ ಕೂತು ಹೇಳು. ಇದನ್ನ ಮುಂದಿಟ್ಟು ಹೇಳು."

ಹಿಂದೂಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ತೊಡೆಯ ಮೇಲೆ ಎಲೆಯ ಕಟ್ಟು, ಸುಣ್ಣದ ಡಬ್ಬಿ. ತಪ್ಪು ನಂದು, ಮೂಟೆ ಎಳೆಸಿದ್ದು ನಾನು ಎಂದು ತುಟಿಯಲ್ಲೇ ಹೇಳಿ ನೋಡಿಕೊಂಡ. ಫೋನು ತೆಗೆದ. ಮಾಲೀಕನ ಮೆಸೇಜಿನ ಕೆಳಗೆ ಈ ಸಲ ಒಂದು ಕೈಯೂ ಇರಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಅವನದೇ ವಯಸ್ಸಿನವನೊಬ್ಬ ಹತ್ತಿ ಪಕ್ಕ ಕೂತ. ಜಯಚಂದ್ರ ಒಂದು ಎಲೆ ಎಳೆದು, ತುದಿ ಮುರಿದು, ಸುಣ್ಣ ಹಚ್ಚಿ ಅವನತ್ತ ಚಾಚಿದ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದ ಅವನು ಎಲೆಯನ್ನು ನೋಡಿ, ಕೈ ಅಡ್ಡ ಹಿಡಿದು, ಮತ್ತೆ ಫೋನಿಗೆ ತಲೆ ತಗ್ಗಿಸಿದ.

ಬಸ್ಸು ಒಂದಿಷ್ಟು ದೂರ ಹೋಗುವವರೆಗೂ ಜಯಚಂದ್ರನ ಕೈ ಹಾಗೇ ಚಾಚಿಕೊಂಡಿತ್ತು. ಆಮೇಲೆ ಆ ಎಲೆಯನ್ನು ಮಡಿಸಿ ತಾನೇ ಹಾಕಿಕೊಂಡ.