ಬಾಕಿಸಿಯೊನ ಚಾಕುವಿನ ಜೇಬು

ಬಾಕಿಸಿಯೊ ನನ್ನ ಹೊಲಿಗೆ ಅಂಗಡಿಗೆ ಬಂದಾಗ ಎರಡೂ ಕೈಯಲ್ಲಿ ಏನನ್ನೋ ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡಿದ್ದ. ಅವನ ನಡಿಗೆ ನೋಡಿ, ಯಾರದೋ ಕೂಸಿನ ಜ್ಞಾನಸ್ನಾನಕ್ಕೆ ಅಂಗಿ ಹೊಲಿಸಲು ಕೂಸನ್ನೇ ಎತ್ತಿಕೊಂಡು ಬಂದಿದ್ದಾನೆ ಅಂದುಕೊಂಡೆ. ಮೇಜಿನ ಮೇಲಿಟ್ಟು ಬಟ್ಟೆ ಬಿಚ್ಚಿದ. ಒಳಗೆ ಕಮ್ಮಾರ ಕೋಸ್ತಾಂತಿನು ಮಾಮನ ಕೈಯ ಮಡಚು ಚಾಕು. ಟಗರಿನ ಕೊಂಬಿನ ಹಿಡಿ, ಜೇನಿನ ಬಣ್ಣ, ಕುತ್ತಿಗೆಗೊಂದು ಹಿತ್ತಾಳೆಯ ಬಳೆ. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ನೋಡೋಣವೆಂದು ಕೈ ಚಾಚಿದೆ. ಅವನು ನನ್ನ ಬೆರಳು ನೋಡಿದ, ಬೆರಳಿನ ಉಂಗುರ ನೋಡಿದ, ಬಟ್ಟೆಯನ್ನು ಮತ್ತೆ ಮುಚ್ಚಿದ.

"ಉಂಗುರ ತೆಗೀತೀಯಾ ತೊನೀನಕ್ಕ? ಗೀರು ಬಿದ್ದೀತು."

ಗಂಡ ಸತ್ತಾಗಲೂ ನಾನು ತೆಗೆಯದಿದ್ದ ಉಂಗುರ ಅದು. ಚಾಕುವಿಗೋಸ್ಕರ ತೆಗೆಯುವ ಮಾತಿರಲಿಲ್ಲ. ಕೊನೆಗೆ ಅವನೇ ಅಳತೆಪಟ್ಟಿ ಹಿಡಿದು ಉದ್ದಗಲ ಹೇಳಿದ, ನಾನು ಸುಮ್ಮನೆ ತಲೆಯಾಡಿಸಿದೆ.

ನಮ್ಮ ಲೊರುನೆಯಲ್ಲಿ ಗಂಡಸಾದವನ ಜೇಬಿನಲ್ಲಿ ಚಾಕು ಇರಲೇಬೇಕು. ಪ್ಯಾಂಟು ಮರೆತು ಬಂದವನಿಗೆ ಯಾರಾದರೂ ಒಂದು ಪ್ಯಾಂಟು ಕೊಟ್ಟಾರು, ಚಾಕು ಮರೆತು ಊಟಕ್ಕೆ ಕೂತವನು ಮಾತ್ರ ಪಕ್ಕದವನ ಮುಖ ನೋಡುತ್ತಾ ಕೂರಬೇಕು. ಬಾಕಿಸಿಯೊ ನಮ್ಮೂರಿಂದ ನುವೊರೊ ಪೇಟೆಗೆ ಹೋಗುವ ಬಸ್ಸಿನ ಚಾಲಕ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಕುರಿ ಕಂಡರಾಗದೆ ಬಸ್ಸು ಹತ್ತಿದವನು. ಊರಿನ ಎಲ್ಲರಿಗಿಂತ ಒಳ್ಳೆಯ ಚಾಕು ತನಗಿರಬೇಕು ಅನ್ನುವ ಆಸೆ ಅವನಿಗೆ ಮದುವೆಗೂ ಮೊದಲಿನದು. ಕೋಸ್ತಾಂತಿನು ಮಾಮನಾದರೋ ಮನಸ್ಸು ಬಂದರೆ ಕುಲುಮೆ, ಬರದಿದ್ದರೆ ನಿದ್ದೆ. ವರ್ಷಗಟ್ಟಲೆ ಕಾಯಿಸಿ, ಮರೆತು, ಮತ್ತೆ ನೆನಪಿಸಿಕೊಂಡು ಮಾಡಿಕೊಟ್ಟಿದ್ದ.

ಚಾಕು ಇಡಲೆಂದು ಅವನ ಪ್ಯಾಂಟಿನ ಎಡ ಜೇಬಿನೊಳಗೆ ಮೆತ್ತನೆ ಫ್ಲಾನೆಲ್ ಬಟ್ಟೆ ಹೊಲಿದುಕೊಟ್ಟೆ. ಎಂಟೇ ದಿನಕ್ಕೆ ವಾಪಸು ಬಂದ. ಫ್ಲಾನೆಲ್ಲಿಗೆ ಧೂಳು ಅಂಟುತ್ತದಂತೆ, ಧೂಳಿನಲ್ಲಿ ಮರಳಿರುತ್ತದಂತೆ, ಮರಳು ಕೊಂಬನ್ನು ಉಜ್ಜುತ್ತದಂತೆ. ಜಿಂಕೆ ಚರ್ಮ ಹಾಕಿಕೊಟ್ಟೆ. ಆಮೇಲೆ ಜೇಬಿನ ತಳದಲ್ಲಿ ಚಾಕು ಅಡ್ಡಬೀಳುತ್ತದೆ ಅಂತ ಬಂದ. ನೆಟ್ಟಗೆ ನಿಲ್ಲುವ ಹಾಗೆ ಜೇಬಿನೊಳಗೆ ಇನ್ನೊಂದು ಸಣ್ಣ ಜೇಬು ಹೊಲಿದೆ. ಪಕ್ಕದ ಜೇಬಿನ ಚಿಲ್ಲರೆಯ ಸದ್ದು ಕೇಳಿದರೂ ಅವನಿಗೆ ಸಂಕಟ. ಚಿಲ್ಲರೆಯನ್ನು ಹೆಂಡತಿಗೆ ಕೊಟ್ಟ. ಬಸ್ಸಿನ ಕೀಲಿಗಳನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ಆಮೇಲೆ ಅವನು ಬೀದಿಯಲ್ಲಿ ನಡೆದರೆ ಕೊರಳಿಗೆ ಗಂಟೆ ಕಟ್ಟಿದ ಆಡು ಬಂತೇನೋ ಅಂತ ಮುದುಕಿಯರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಬಸ್ಸಿನ ಸೀಟಿನಲ್ಲಿ ಕೂತರೆ ಚಾಕುವಿನ ಮೇಲೆ ಭಾರ ಬೀಳುತ್ತದೆಂದು ಬಲಕ್ಕೆ ವಾಲಿ ಕೂರುವುದನ್ನು ಅಭ್ಯಾಸ ಮಾಡಿಕೊಂಡ. ಎಡ ತೊಡೆಗೆ ಗಾಳಿ, ಬಲ ತೊಡೆಗೆ ಇಡೀ ದೇಹ. ತಿರುವುಗಳಲ್ಲಿ ಪ್ರಯಾಣಿಕರೂ ಅವನ ಜೊತೆಗೆ ವಾಲುತ್ತಿದ್ದರು. ಬಸ್ಸಿಗೇ ಸೊಂಟ ಹಿಡಿದಿದೆ ಅಂತ ಮಕ್ಕಳು ಅಂದುಕೊಂಡಿದ್ದರು.

ಇಷ್ಟೆಲ್ಲ ಮಾಡಿದವನು ಚಾಕುವನ್ನು ತೆರೆಯುತ್ತಿರಲಿಲ್ಲ. ತೆರೆದಷ್ಟು ಸಲ ಅಲಗು ಹಿಡಿಗೆ ಉಜ್ಜುತ್ತದೆ, ಉಜ್ಜಿದಷ್ಟು ಸವೆಯುತ್ತದೆ ಅನ್ನುವುದು ಅವನ ಲೆಕ್ಕಾಚಾರ. ರಾತ್ರಿ ಮಲಗುವ ಮುಂಚೆ ಹೊರಗೆ ತೆಗೆದು, ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡಿ, ಹತ್ತಿಯಲ್ಲಿ ಒರೆಸಿ ಮತ್ತೆ ಒಳಗಿಡುತ್ತಿದ್ದ. ಹಿಡಿ ಇಷ್ಟು ಕ್ಷೇಮವಾಗಿದ್ದ ಮೇಲೆ ಒಳಗಿನ ಅಲಗಿನ ಚಿಂತೆ ಅವನಿಗಿರಲಿಲ್ಲ. ಊಟದಲ್ಲಿ ಮಾಂಸ ಬಂದರೆ ಪಕ್ಕದವನ ಕಡೆ ಕೈ ಚಾಚುತ್ತಿದ್ದ.

ಪಕ್ಕದವನು ಹೆಚ್ಚಾಗಿ ಮಿಯಾಲಿ. ಬಾಕಿಸಿಯೊನ ಹೆಂಡತಿ ಬೊನಾರಿಯಾಳ ತಮ್ಮ, ಕುರಿಗಾಹಿ, ನಾಲಿಗೆಗೆ ಹಿಡಿತವಿಲ್ಲದ ಮನುಷ್ಯ. ಒಂದು ಭಾನುವಾರ ಪೆಪ್ಪೆದ್ದುವಿನ ಹೆಂಡದಂಗಡಿಯಲ್ಲಿ ಬಾಕಿಸಿಯೊ ಮಾಮೂಲಿನಂತೆ ಕೈ ಚಾಚಿದ. ಮಿಯಾಲಿ ಚಾಕು ಕೊಟ್ಟ. ಬಾಕಿಸಿಯೊ ಸಾಸೇಜಿನ ಒಂದು ಚೂರು ಕೊಯ್ದು ಬಾಯಿಗೆ ಹಾಕಿಕೊಂಡ ಮೇಲೆ ಮಿಯಾಲಿ ಮಾತು ತೆಗೆದ.

"ಬೆಳಿಗ್ಗೆ ಇದ್ರಲ್ಲೇ ಟಗರುಮರಿಗಳ ಬೀಜ ತೆಗ್ದಿದ್ದೆ, ಭಾವ."

ಬಾಕಿಸಿಯೊನ ದವಡೆ ನಿಂತಿತು.

"ಒರೆಸಿದ್ದೀನಿ ಬಿಡು," ಅಂದ ಮಿಯಾಲಿ. "ಪ್ಯಾಂಟಿಗೆ."

ಅಂಗಡಿಯೆಲ್ಲ ನಕ್ಕಿತು. ಬಾಕಿಸಿಯೊ ತುತ್ತು ನುಂಗಿ ಎದ್ದು ನಿಂತು ಒಂದು ಭಾಷಣವನ್ನೇ ಮಾಡಿದನಂತೆ. ಚಾಕು ಅಂದರೆ ಕಮ್ಮಾರನ ಮರ್ಯಾದೆ, ಅದನ್ನು ಗೊರಸು ಕೆರೆಯಲು, ಡಬ್ಬ ತೆರೆಯಲು, ಹಲ್ಲು ಕೆದಕಲು ಬಳಸುವವರು ಕಾಡುಜನ, ವರ್ಷ ಪೂರ್ತಿ ಜೇಬಿನಲ್ಲಿಟ್ಟುಕೊಂಡು ತಿರುಗಿಯೂ ಹಾಳು ಮಾಡದವನೇ ನಿಜವಾದ ಚಾಕುವಿನ ಒಡೆಯ, ಇತ್ಯಾದಿ. ಮಿಯಾಲಿ ಹಾಗಿದ್ದರೆ ಪಂದ್ಯ ಕಟ್ಟು ಅಂದ. ವ್ಯಾಪಾರಸ್ಥನಾದ ಪೆಪ್ಪೆದ್ದು ಕೂಡಲೇ ಮಧ್ಯೆ ಬಾಯಿ ಹಾಕಿದ. ಮುಂದಿನ ಉಣ್ಣೆ ಕತ್ತರಿಸುವ ಹಬ್ಬದ ಊಟಕ್ಕೆ ಎಲ್ಲರೂ ತಂತಮ್ಮ ಚಾಕು ತರಬೇಕು, ಯಾರದ್ದು ಅತಿ ಚೆನ್ನಾಗಿ ಇಟ್ಟುಕೊಂಡ ಚಾಕು ಅಂತ ಕೋಸ್ತಾಂತಿನು ಮಾಮ ಹೇಳಬೇಕು, ಗೆದ್ದವನಿಗೆ ಒಂದು ಇಡೀ ಗುಂಡು ಕುರಿಹಾಲಿನ ಚೀಸು, ಅದನ್ನು ಗೆದ್ದವನೇ ಅದೇ ಚಾಕುವಿನಲ್ಲಿ ಕೊಯ್ದು ಎಲ್ಲರಿಗೂ ಹಂಚಬೇಕು. ಮಾಮ ಮೂಲೆಯಲ್ಲಿ ತೂಕಡಿಸುತ್ತಿದ್ದ. ತಲೆ ಮುಂದಕ್ಕೆ ಬಿತ್ತು, ಒಪ್ಪಿಗೆ ಅಂತ ತಿಳಿದುಕೊಂಡರು.

ಆ ವರ್ಷ ಊರಿನ ಗಂಡಸರಿಗೆ ಜೇಬಿನ ಹುಚ್ಚು ಹಿಡಿಯಿತು. ಹೆಂಡತಿಯ ಹುಟ್ಟುಹಬ್ಬ ನೆನಪಿರದವರು ಕೊಂಬಿಗೆ ಬಾದಾಮಿ ಎಣ್ಣೆ ಒಳ್ಳೆಯದೋ ಆಲಿವ್ ಎಣ್ಣೆ ಒಳ್ಳೆಯದೋ ಅಂತ ಚರ್ಚಿನ ಬಾಗಿಲಲ್ಲಿ ವಾದ ಮಾಡಿದರು. ಪೆಪ್ಪೆದ್ದು ಒಂದರೊಳಗೊಂದು ಮೂರು ಚರ್ಮದ ಚೀಲ ಹೊಲಿಸಿಕೊಂಡ. ಮಾಸಿದ ಕಾಚದ ಬಗ್ಗೆ ಎಂದೂ ನಾಚಿಕೆಪಡದವರು ಜೇಬಿನ ಒಳಮೈಯನ್ನು ಹೊರಗೆ ತಿರುಗಿಸಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಗುಡಿಸಿದರು. ನನ್ನ ಹೊಲಿಗೆ ಯಂತ್ರಕ್ಕೆ ಪುರುಸೊತ್ತಿರಲಿಲ್ಲ. ಯಾರ ಹುಚ್ಚಿಗೂ ನಾನು ಅಡ್ಡಿ ಮಾಡಲಿಲ್ಲ.

ಬೊನಾರಿಯಾ ಮಾತ್ರ ಈ ವಿಷಯದಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಒಂದು ಸಲ ಅವಳ ಅಡುಗೆಮನೆಯಲ್ಲಿ ಕೂತಿದ್ದಾಗ ಟೊಮೇಟೊ ಹೆಚ್ಚುವುದನ್ನು ನೋಡಿದೆ. ಹಿಡಿ ಸುಟ್ಟುಹೋಗಿದ್ದ ಒಂದು ಮೊಂಡು ಚಾಕು. ಟೊಮೇಟೊ ಕತ್ತರಿಸಿಕೊಳ್ಳುವ ಬದಲು ಅಪ್ಪಚ್ಚಿಯಾಗುತ್ತಿತ್ತು. ಗಂಡನಿಗೆ ಹೇಳಿ ಒಂದು ಹೊಸದು ತರಿಸಬಾರದಾ ಅಂತ ಕೇಳಿದೆ. ಮನೆಯಲ್ಲಿ ಆಗಲೇ ಒಂದು ಹೊಸ ಚಾಕು ಬಂದಿದೆಯಲ್ಲ, ವರ್ಷಕ್ಕೆ ಎಷ್ಟು ತರಿಸುವುದು ಅಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಮೇ ಕೊನೆಗೆ ಮಿಯಾಲಿಯ ದೊಡ್ಡಿಯಲ್ಲಿ ಉಣ್ಣೆ ಕತ್ತರಿಸಿದರು. ಮಧ್ಯಾಹ್ನ ಓಕ್ ಮರದ ಕೆಳಗೆ ಊಟ. ಕೋಸ್ತಾಂತಿನು ಮಾಮನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿ ಮಂಡಿಯ ಮೇಲೆ ಒಂದು ಬಿಳಿ ಟವೆಲ್ಲು ಹಾಸಿದರು. ಪೆಪ್ಪೆದ್ದು ತನ್ನ ಚಾಕುವನ್ನು ಮೂರು ಚೀಲದಿಂದ ಬಿಡಿಸುವಷ್ಟರಲ್ಲಿ ಮಾಮನಿಗೆ ಒಂದು ಜೊಂಪು ಹತ್ತಿ ಇಳಿಯಿತು. ಚೀಲದ ಚರ್ಮ ತೇವ ಹೀರಿ ಅಲಗಿಗೆ ಕೆಂಪು ತುಕ್ಕು ಹಿಡಿಸಿತ್ತು. ಇನ್ನೂ ಇಬ್ಬರದ್ದು ಅದೇ ಗತಿ. ಮಿಯಾಲಿ ಕೊಟ್ಟದ್ದು ಹುಲ್ಲುಕಡ್ಡಿಯಷ್ಟು ತೆಳ್ಳಗೆ ಸವೆದಿತ್ತು, ಹಿಡಿಗೆ ತಂತಿ ಸುತ್ತಿತ್ತು. ಮಾಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ಚಾಕು ಅಲ್ಲ ಮಗನೇ, ಚಾಕುವಿನ ನೆನಪು ಅಂದು ವಾಪಸು ಕೊಟ್ಟ.

ಕೊನೆಗೆ ಬಾಕಿಸಿಯೊ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬಟ್ಟೆ ಬಿಚ್ಚಿ ಚಾಕುವನ್ನು ಟವೆಲ್ಲಿನ ಮೇಲೆ ಮಲಗಿಸಿದ. ಕೊಂಬಿನ ಮೇಲೆ ಕೂದಲೆಳೆಯಷ್ಟು ಗೀರಿಲ್ಲ, ಹಿತ್ತಾಳೆಯಲ್ಲಿ ಮುಖ ಕಾಣುತ್ತಿತ್ತು. ಜನ ಕತ್ತು ಚಾಚಿದರು. ಮಾಮ ಅದ್ಯಾವುದನ್ನೂ ನೋಡದೆ ಹೆಬ್ಬೆರಳಿನಿಂದ ಅಲಗನ್ನು ತೆರೆದ. ಬೆಣ್ಣೆಯಲ್ಲಿ ಜಾರಿದ ಹಾಗೆ ತೆರೆದುಕೊಂಡಿತು.

ಬೆಳ್ಳಗೆ ಹೊಳೆಯಬೇಕಿದ್ದ ಅಲಗು ಪಾರಿವಾಳದ ಕತ್ತಿನ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಬೂದು, ಒಂದು ಕಡೆ ನೀಲಿ, ಬುಡದಲ್ಲಿ ನೇರಳೆ.

"ಇದು ನಂದಲ್ಲ," ಅಂದ ಬಾಕಿಸಿಯೊ. "ಯಾರೋ ಬದಲಾಯಿಸಿದ್ದಾರೆ."

ಮಾಮ ತಲೆ ಎತ್ತಲಿಲ್ಲ. ಅಲಗನ್ನು ಮೂಗಿಗೆ ಹಿಡಿದ. ಅದರ ಅಂಚನ್ನು ಉಗುರಿನ ಮೇಲಿಟ್ಟು ಹರಿತ ನೋಡಿದ.

"ನನ್ನ ಕೈಕೆಲಸ ನಂಗೇ ಹೇಳ್ಕೊಡ್ತೀಯಾ? ಬೆಳ್ಳುಳ್ಳಿ ವಾಸನೆ ಇದೆ. ಈ ನೀಲಿ ಕಲೆ ಆರ್ಟಿಚೋಕ್ ತರಕಾರಿ ಬಿಡಿಸಿದ್ದು, ನಮ್ಮ ಹೆಂಗಸರ ಬೆರಳೂ ಹೀಗೇ ಆಗುತ್ತೆ. ಹರಿತ ಮಾಡಿದ್ದಾರೆ, ಪ್ರತಿ ಸಲ ಒರೆಸಿ ಒಂದು ಹನಿ ಎಣ್ಣೆ ಬಿಟ್ಟಿದ್ದಾರೆ, ಒಂದು ಚುಕ್ಕಿ ತುಕ್ಕಿಲ್ಲ. ಇಷ್ಟು ದುಡಿಸಿಯೂ ಹೊರಗೆ ಒಂದು ಗೀರು ಬೀಳಿಸಿಲ್ಲ. ಈ ಊರಲ್ಲಿ ಚಾಕು ಇಟ್ಕೊಳ್ಳೋಕೆ ಬರೋನು ಒಬ್ನಾದ್ರೂ ಇದ್ದಾನಲ್ಲ."

ಜನ ಚಪ್ಪಾಳೆ ತಟ್ಟಿದರು. ಬಾಕಿಸಿಯೊನ ಪಾಡು ನೋಡಲು ನನಗೆ ತುಂಬ ಚೆನ್ನಾಗಿತ್ತು. ಹಾಳಾಯಿತು ಅಂತ ಅಳಬೇಕೋ, ಗೆದ್ದೆ ಅಂತ ನಗಬೇಕೋ ಅವನಿಗೆ ಹೊಳೆಯಲಿಲ್ಲ. ಚಾಕುವನ್ನು ಒಮ್ಮೆಯೂ ತೆರೆದಿಲ್ಲ ಅಂದರೆ ಗೆಲುವು ಹೋಗುತ್ತದೆ. ಸುಮ್ಮನಿದ್ದರೆ ಆರ್ಟಿಚೋಕ್ ಬಿಡಿಸುವ ಗಂಡಸು ಅಂತ ಹೆಸರು ನಿಲ್ಲುತ್ತದೆ. ಆಮೇಲೆ ಟೊಪ್ಪಿಗೆ ತೆಗೆದು ತಲೆಬಾಗಿದ. ಗೆಲುವು ಅವನಿಗೆ ಹೆಚ್ಚು ಪ್ರಿಯವಾಗಿತ್ತು.

ಪೆಪ್ಪೆದ್ದು ಚೀಸಿನ ಗುಂಡು ತಂದು ಹಲಗೆಯ ಮೇಲಿಟ್ಟ. ಮಾಮ ಚಾಕುವನ್ನು ಮಡಚಿ ಬಾಕಿಸಿಯೊನ ಕೈಗಿತ್ತ. ಅವನು ಅದನ್ನು ಹೇಗೆ ಹಿಡಿಯುವುದೆಂದು ತಿರುಗಿಸಿ ನೋಡಿದ. ಉಗುರು ಹಾಕಿದ, ಜಾರಿತು. ಹೇಗೋ ತೆರೆದು ಚೀಸಿಗೆ ಚುಚ್ಚಿದ, ಅಲಗು ಅಡ್ಡಡ್ಡ ಹೋಗಿ ನಿಂತಿತು. ಹೆಬ್ಬೆರಳಿನಿಂದ ರಕ್ತ ಬಂತು. ಯಾರೋ ಕೆಮ್ಮಿದರು.

ಬೊನಾರಿಯಾ ಹೆಂಗಸರ ಸಾಲಿನಿಂದ ಎದ್ದು ಬಂದಳು.

"ಕೊಡು ಇಲ್ಲಿ."

ಚೀಸಿನಿಂದ ಚಾಕು ಕಿತ್ತು, ಏಪ್ರನ್ನಿಗೆ ಎರಡೂ ಮಗ್ಗುಲು ಒರೆಸಿ, ಒಂದೇ ಸಮನೆ ಕೊಯ್ಯುತ್ತಾ ಹೋದಳು. ಹೋಳುಗಳು ಒಂದೇ ದಪ್ಪಕ್ಕೆ ಬೀಳುತ್ತಿದ್ದವು. ಅವಳ ಕಣ್ಣು ಚಾಕುವಿನ ಮೇಲಿರಲಿಲ್ಲ, ಯಾರಿಗೆ ಇನ್ನೂ ಹೋಳು ತಲುಪಿಲ್ಲ ಅನ್ನುವುದರ ಮೇಲಿತ್ತು. ಕೊನೆಯ ಹೋಳು ಕೊಟ್ಟು, ಅಲಗು ಒರೆಸಿ, ಏಪ್ರನ್ ಜೇಬಿನ ಸಣ್ಣ ಶೀಶೆಯಿಂದ ಒಂದು ಹನಿ ಎಣ್ಣೆ ಸವರಿ, ಸೊಂಟಕ್ಕೆ ಒತ್ತಿ ಮಡಚಿದಳು. ಆಮೇಲೆ ಗಂಡನ ಎಡ ಜೇಬಿಗೆ ಕೈ ಹಾಕಿ, ಒಳಜೇಬಿನ ಬಾಯನ್ನು ಬೆರಳಿನಿಂದ ಬಿಡಿಸಿ, ನೆಟ್ಟಗೆ ನಿಲ್ಲಿಸಿದಳು. ಹೊಲಿದ ನನಗೇ ಆ ಒಳಜೇಬಿನ ಬಾಯಿ ಅಷ್ಟು ಬೇಗ ಸಿಗುತ್ತಿರಲಿಲ್ಲ.

ಮಿಯಾಲಿಯ ಬಾಯಲ್ಲಿ ಚೀಸು ಹಾಗೇ ನಿಂತಿತ್ತು. "ಅಕ್ಕಾ, ನೀನಾ?"

"ಮಧ್ಯಾಹ್ನ ಊಟ ಆದ್ಮೇಲೆ ಇವನು ಮಲಗ್ತಾನೆ," ಅಂದಳು ಬೊನಾರಿಯಾ. "ಪ್ಯಾಂಟು ಕುರ್ಚಿ ಮೇಲಿರುತ್ತೆ. ರಾತ್ರಿ ಅಡುಗೆಗೆ ತರಕಾರಿ ಯಾರು ಹೆಚ್ತಾರೆ, ಬಿಷಪ್ಪರು ಬರ್ತಾರಾ?"

ಹೆಂಗಸರ ಸಾಲಿನಲ್ಲಿ ನಗು ಶುರುವಾಗಿ ಗಂಡಸರ ಸಾಲಿಗೆ ಹಬ್ಬಿತು. ಕೋಸ್ತಾಂತಿನು ಮಾಮ ನಗಲಿಲ್ಲ. ಹಾಗಾದರೆ ಬಹುಮಾನ ಇವಳದ್ದು ಅಂದ. ಬಹುಮಾನ ಅಷ್ಟರಲ್ಲಿ ಊರಿನ ಹೊಟ್ಟೆ ಸೇರಿತ್ತು.

ಆ ವಾರ ಬಾಕಿಸಿಯೊ ಬಸ್ಸನ್ನು ನೆಟ್ಟಗೆ ಕೂತು ಓಡಿಸಿದನಂತೆ. ಆಮೇಲೆ ಒಂದು ಸಂಜೆ ನನ್ನ ಅಂಗಡಿಗೆ ಬಂದು ಪ್ಯಾಂಟನ್ನು ಮೇಜಿನ ಮೇಲಿಟ್ಟ. ಒಳಜೇಬು ಬಿಚ್ಚಿಬಿಡು ಅಂದ. ಚಾಕು ಬೊನಾರಿಯಾಳಿಗೇ ಕೊಟ್ಟಿದ್ದಾನೆ. ಅವಳು ಅದನ್ನು ಏಪ್ರನ್ನಿನಲ್ಲಿ ಬಟ್ಟೆ ಕ್ಲಿಪ್ಪು, ಮನೆಯ ಕೀಲಿ, ಬೆಳ್ಳುಳ್ಳಿಯ ಜೊತೆ ಹಾಕಿಕೊಂಡು ಓಡಾಡುತ್ತಾಳೆ. ಅದರ ಸದ್ದು ಕೇಳಿದರೆ ಊಟ ಸೇರುವುದಿಲ್ಲ ಅಂದ. ನಾನು ಹೊಲಿಗೆ ಬಿಚ್ಚುತ್ತಾ ಕೇಳಿಸಿಕೊಂಡೆ.

"ಹೇಳಬಹುದಿತ್ತಲ್ವಾ ತೊನೀನಕ್ಕ? ಒಂದು ವರ್ಷ ನನ್ನ ಜೇಬಿಗೆ ಕೈ ಹಾಕಿದ್ದಾಳೆ."

"ಕೇಳಿದ್ರೆ ಕೊಡ್ತಿದ್ದೆಯಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಅದೊಂದು ಗುಣ ಅವನಲ್ಲಿದೆ.

"ಇಲ್ಲ," ಅಂದ.

ಕಲಿಯುವುದನ್ನು ಕಲಿತ ಅಂತ ನಾನು ಅಂದುಕೊಂಡದ್ದು ನನ್ನದೇ ದಡ್ಡತನ. ಅಲ್ಲಿಂದ ಎದ್ದವನು ಸೀದಾ ಕುಲುಮೆಗೆ ಹೋಗಿ ಇನ್ನೊಂದು ಚಾಕುವಿಗೆ ಹೇಳಿದ. ಕೊಯ್ಯೋದಕ್ಕಾ, ನೋಡೋದಕ್ಕಾ ಅಂತ ಮಾಮ ಕೇಳಿದನಂತೆ. ನೋಡೋದಕ್ಕೆ ಅಂತ ಬಾಕಿಸಿಯೊ ಯಾವ ಸಂಕೋಚವೂ ಇಲ್ಲದೆ ಹೇಳಿದ. ಹಾಗಿದ್ದರೆ ಹರಿತ ಮಾಡುವ ಶ್ರಮ ಉಳಿಯಿತು ಅಂತ ಮಾಮ ಆ ಸಲ ಬೇಗ ಮಾಡಿಕೊಟ್ಟ. ಹಂದಿಯ ಕೊಬ್ಬನ್ನೂ ಕೊಯ್ಯಲಾರದ ಬಹು ಸುಂದರವಾದ ಚಾಕು ಅದು. ಬೊನಾರಿಯಾ ಒಂದು ಮಧ್ಯಾಹ್ನ ತೆರೆದು ನೋಡಿ ಹಾಗೇ ಮಡಚಿ ಇಟ್ಟಳಂತೆ.

ಈಗ ಗಂಡ ಹೆಂಡತಿ ಚೆನ್ನಾಗಿಯೇ ಇದ್ದಾರೆ. ಊರಿನ ಊಟಗಳಲ್ಲಿ ಬಾಕಿಸಿಯೊ ಗಂಡಸರ ಸಾಲು ಬಿಟ್ಟು ಹೆಂಡತಿಯ ಪಕ್ಕ ಕೂರುತ್ತಾನೆ. ಹುರಿದ ಮಾಂಸ ಬಂದಾಗ ಅವಳ ಕಡೆ ಕೈ ಚಾಚುತ್ತಾನೆ. ಅವಳು ಮೊದಲು ತನ್ನದನ್ನು ಕೊಯ್ದುಕೊಂಡು, ಸಾವಕಾಶವಾಗಿ ತಿಂದು, ಆಮೇಲೆ ಕೊಡುತ್ತಾಳೆ.